ಕಾಲಂ ಹನ್ನೊಂದು

ದಾವಣಗೆರೆ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ
ನಿಮ್ಮ ಪ್ರಮಾಣಪತ್ರ ಓದುತ್ತಿದ್ದೇನೆ.
ಹೆಸರು: ರೇವಣಸಿದ್ದಪ್ಪ.
ಉದ್ಯೋಗ: ಮಂಡಕ್ಕಿ ಭಟ್ಟಿಯಲ್ಲಿ ಕೂಲಿ.
ತಿಂಗಳ ಆದಾಯ: ಒಂಬತ್ತು ಸಾವಿರ.

ನಗು ಬಂತು. ಲಾಯರ್ ನಾಗವೇಣಿ
ಕನ್ನಡಕದ ಮೇಲಿಂದ ನೋಡಿದರು.

ಭಟ್ಟಿ ನಿಮ್ಮದೇ. ಅದರ ಹೊಟ್ಟಿನ ಹೊಗೆ
ನನ್ನ ಸೀರೆಗಳಲ್ಲಿದೆ ಇನ್ನೂ,
ಚರಾಸ್ತಿಯೋ ಸ್ಥಿರಾಸ್ತಿಯೋ ಗೊತ್ತಿಲ್ಲ.

ಕಾಗದದಲ್ಲಿ ನೀವು ‘ಎದುರುದಾರ’.
ಎದುರೇ ತಾನೆ ಕೂರುತ್ತಿದ್ದಿರಿ ರಾತ್ರಿ ಹತ್ತರ ಮೇಲೆ,
ತಟ್ಟೆ ಪಕ್ಕಕ್ಕೆ ಸರಿಸಿ.
ನೀವು ಹೇಳುವುದು, ನಾನು ಬರೆಯುವುದು.
ಹೋದದ್ದು ನಲವತ್ತು ಚೀಲ.
‘ಇಪ್ಪತ್ತೆರಡು ಅಂತ ಬರಿ.’
ಉಳಿದ ಹದಿನೆಂಟು ಕೆಂಪು ಬೈಂಡಿನ ಪುಸ್ತಕಕ್ಕೆ.
‘ನಿನ್ನ ಅಕ್ಷರ ಎಷ್ಟು ದುಂಡಗೆ!’ ಅಂದಿರಿ ಒಮ್ಮೆ.
ಹದಿನಾಲ್ಕು ವರ್ಷಕ್ಕೆ ಅದೊಂದೇ ಹೊಗಳಿಕೆ.

ಆ ಪುಸ್ತಕ ನನ್ನ ಚೀಲದಲ್ಲಿದೆ.
ಹಾಜರುಪಡಿಸಿದರೆ ನೀವು ಸಿಕ್ಕಿಬೀಳುತ್ತೀರಿ.
ಜಡ್ಜ್ ಪುಟ ತಿರುವಿ ಕೇಳುತ್ತಾರೆ:
ಇದು ಯಾರ ಕೈಬರಹ?

ಈಗ ನನ್ನ ಪ್ರಮಾಣಪತ್ರ.
ಕಾಲಂ ಹನ್ನೊಂದು: ಕೈಯಲ್ಲಿರುವ ನಗದು.
‘ಸೊನ್ನೆ ಹಾಕೇ,’ ಅಂದಳು ಅಕ್ಕ, ‘ಯಾರು ಬಂದು ನೋಡ್ತಾರೆ?’

ಉದ್ದಿನಬೇಳೆ ಡಬ್ಬಿಯ ತಳದಲ್ಲಿ
ಹನ್ನೊಂದು ಸಾವಿರದ ಆರುನೂರು.
ಚೀಲಕ್ಕೆ ಐದು ರೂಪಾಯಿಯಂತೆ
ಕೆಂಪು ಪುಸ್ತಕಕ್ಕೂ ಹೇಳದೆ ನಾನು ಹಿಡಿದದ್ದು.
ನಿಮ್ಮಿಂದಲೇ ಕಲಿತದ್ದು ಅನ್ನಲೇ?
ಮದುವೆಗೆ ಮುಂಚೆಯೂ ಬರುತ್ತಿತ್ತು ಸ್ವಲ್ಪ.

ಸೊನ್ನೆ ಹಾಕಿದೆ.
ದುಂಡಗೇ ಬಂತು.
ಮೇಲೆ ಫ್ಯಾನು ಕಿರ್ರೆನ್ನುತ್ತಿದೆ,
ಇಪ್ಪತ್ತು ರೂಪಾಯಿಯ ಛಾಪಾಕಾಗದ ಅಲುಗುತ್ತಿದೆ.
ಅಂಗೈಯಲ್ಲಿ ಒತ್ತಿ ಹಿಡಿದು
ಅದರ ಎಡಕ್ಕೆ ಇನ್ನೊಂದು ಸೊನ್ನೆ,
ಅದರ ಎಡಕ್ಕೆ ಆರು,
ಒಂದು,