ಬೀರು

ಮಾರ್ಚಿನಲ್ಲಿ ಸಾವಿರ ಪ್ಯಾಕೆಟ್ ಬಿಟ್ಟರೆ
ಹನ್ನೊಂದು ಕಳೆದಿದ್ದವು.
ಬರೆದೆ, ಸಹಿ ಹಾಕಿದೆ, ಅಚ್ಚಾಯಿತು.
ಈಗ ಆಗಸ್ಟು. ಮುನ್ನೂರ ನಲವತ್ತು.

ಅದೇ ಇಪ್ಪತ್ತು ರೇಡಿಯೋ, ತಂತಿ ಕಟ್ಟಿ ಸೂರಿಗೆ ಇಳಿಬಿಟ್ಟದ್ದು,
ಅದೇ ಕೋಡು, ಒಂದು ಅಲ್ಪವಿರಾಮವೂ ಕದಲಿಲ್ಲ,
ಅದೇ ಆವರ್ತನ, ಅದೇ ಗೇನು,
ಕಣ್ಣುಮುಚ್ಚಿ ಎತ್ತುವ ಚೀಟಿಗೂ ಅದೇ ಬೀಜ: ೧೭೭೯,
ಕೋಟೆ ಬಿದ್ದ ವರ್ಷ.
ದುರ್ಗದವಳು, ಬೇರೆ ಅಂಕಿ ಬಾಯಿಗೆ ಬರುವುದಿಲ್ಲ.

ಗುವಾಹಟಿಯಿಂದ ಪತ್ರ, ಬಹಳ ಮರ್ಯಾದೆಯದು:
ನಿಮ್ಮ ಹನ್ನೊಂದು ನಮಗೆ ಸಿಗುತ್ತಿಲ್ಲ.
ನನಗೂ ಸಿಗುತ್ತಿಲ್ಲ ಎಂದು
ಹೇಗೆ ಬರೆಯಲಿ?

ಮೂರು ರಾತ್ರಿ.
ಕ್ಯಾಂಟೀನಿನ ಓವನ್ ಆರಿಸಿ,
ಹುಡುಗರ ಮೊಬೈಲೆಲ್ಲ ಹೊರಗೆ ಬಕೆಟ್ಟಿಗೆ ಹಾಕಿ ಮೇಲೊಂದು ತಟ್ಟೆ ಮುಚ್ಚಿ,
ಆಂಟೆನಾ ಬಿಚ್ಚಿ, ತಿರುಗಿಸಿ, ಬಿಗಿದು.
ಕೌಸರ್ ಮೆಲ್ಲಗೆ ಕೇಳಿದಳು:
ಮೇಡಂ, ಹನ್ನೊಂದೇ ತಪ್ಪಾಗಿದ್ದರೆ?
ಅವತ್ತು ಊಟ ಸೇರಲಿಲ್ಲ.

ಬೀಗ ಹಾಕಲು ಬಂದ ಗಾದ್ರಿಪಾಲಯ್ಯ
ಬಾಗಿಲಲ್ಲೇ ನಿಂತು,
"ಅವಾಗ ಬೀರು ಅಲ್ಲಿತ್ತಲ್ಲ ಮೇಡಮ್ಮಾರೆ."
ಯಾವ ಬೀರು?
"ಹಸ್ರುದು. ಪರೀಕ್ಷೆ ಪೇಪರ್ ಇಡಾಕೆ ಅಂತ
ಪ್ರಿನ್ಸಿಪಾಲ್ರು ಕಿಟ್ಕಿ ತಾವ ಎಳೆಸಿದ್ರು."

ಐದು ವರ್ಷ ಅದರ ಎದುರಿಗೇ ಕೂತಿದ್ದೇನೆ.
ಗೋಡೆ ಅಳೆದಿದ್ದೆ, ಗಾಳಿಯ ತೇವ ಬರೆದಿದ್ದೆ,
ಅಲೆ ಹೊರಟು, ತಗಡಿಗೆ ಬಡಿದು, ಸುತ್ತಿ ಬಂದು
ನೇರ ಬಂದ ಅಣ್ಣನಿಗೆ ಹೆಗಲು ಕೊಡುತ್ತಿದ್ದದ್ದು
ಕಂಡಿರಲಿಲ್ಲ. ಈಗ ಅದೇ ತಮ್ಮ
ಕಾಲು ಹಿಡಿದು ಎಳೆಯುತ್ತಾನೆ.

ಬೀರು! ಎಂಥ ಪದವಪ್ಪ.
ಎಳ್ಳು ಬೀರು, ಬೆಳಕು ಬೀರು;
ಬೀಗ ಜಡಿದು ಕೂಡಿಡುವುದಕ್ಕೂ ಬೀರು.

ಎಲ್ಲಿತ್ತು, ಸರಿಯಾಗಿ?
ನೆಲದ ಮೇಲೆ ನಾಲ್ಕು ತುಕ್ಕಿನ ಕಲೆ.
ಎಷ್ಟು ಒರೆಸಿದರೂ ಹೋಗಿಲ್ಲವೆಂದು
ಮಾರಕ್ಕನನ್ನು ನಾನೇ ಗದರಿದ್ದೆ, ಜೂನಿನಲ್ಲಿ.
ನನ್ನ ನೂರಾಹನ್ನೆರಡು ಪುಟದ ಟಿಪ್ಪಣಿಯಲ್ಲಿ ಇಲ್ಲದ್ದನ್ನು
ಆ ನೆಲ ಬರೆದಿಟ್ಟುಕೊಂಡಿತ್ತು.

ನಾಲ್ವರು ನೂಕಿದೆವು. ಕಲೆಗೆ ಕಾಲು ಕೂತಿತು.
ನಲವತ್ತೊಂದು.
"ಬಾಗ್ಲು ಯಾರು ಒತ್ತಿದ್ದು? ಅದು ಹಾಕ್ಕಳಲ್ಲ,
ಇಷ್ಟು ಬಾಯಿ ಬಿಟ್ಕಂಡೇ ಇರ್ತಿತ್ತು."
ಗೇಣು ಹಾಕಿ ಅಷ್ಟು ತೆರೆದ.
ಹನ್ನೊಂದು.
ಮತ್ತೆ ಓಡಿಸಿದೆವು. ಹನ್ನೆರಡು.
ಮತ್ತೆ. ಹನ್ನೊಂದು.
ಆ ಒಂದನ್ನು ಜೋಗಿಮಟ್ಟಿಯ ಗಾಳಿಯಂತ್ರಗಳ ಲೆಕ್ಕಕ್ಕೆ
ಬಿಟ್ಟುಕೊಟ್ಟೆ.

ಗೇನು ಬರೆದಿದ್ದೆ; ಗೇಣು ಬರೆದಿರಲಿಲ್ಲ.

ಗುವಾಹಟಿಗೆ ಬರೆಯುತ್ತಿದ್ದೇನೆ:
ಹಸಿರು ಬೀರು ಒಂದು, ಆರೂವರೆ ಅಡಿ,
ಬಾಗಿಲು ಒಂದು ಗೇಣು ತೆರೆದದ್ದು.
ಯಾರ ಗೇಣು ಅಂತ ಕೇಳ್ತಾರೆ ಮೇಡಂ, ಎಂದಳು ಕೌಸರ್.
ಬಿಳಿ ಹಾಳೆಯ ಮೇಲೆ ಅವನ ಕೈ ಇರಿಸಿ
ಹೆಬ್ಬೆರಳಿಂದ ಕಿರುಬೆರಳಿನವರೆಗೆ ಗೆರೆ ಎಳೆದೆ,
ಇಪ್ಪತ್ತೆರಡೂವರೆ ಸೆಂಟಿಮೀಟರ್.

ಬೀಗದ ಕೈ ಇನ್ನೊಂದು ಕೈಗೆ ಬದಲಿಸಿಕೊಂಡು
ಕೇಳಿದ:
"ಎಲ್ಲಿಗೆ ಕಳಿಸ್ತೀರಿ, ನನ್ ಕೈನ?"