ಬಾಣಲೆಯ ನೀರು

ಟ್ಯೂಬು ಮುಳುಗಿಸಿದರೆ ಬಾಣಲೆಯ ನೀರಿನಲ್ಲಿ
ಗುಳ್ಳೆಗಿಂತ ಮೊದಲು ಏಳುವುದು ಬಣ್ಣ.
ಕೆಂಪೆದ್ದರೆ ರಾಮಘಡದ ಕಡೆ ಹೋಗಿ ಬಂದದ್ದು.
ಕಾಡಿಗೆಯ ಹಾಗೆ ಮಿರುಗಿದರೆ
ಹಳೆಯ ಮ್ಯಾಂಗನೀಸು ಗುಂಡಿಯ ಅಂಚು.
ಬರೀ ಬೂದಿಮಣ್ಣಾದರೆ, ನಾರಿಹಳ್ಳದ ದಂಡೆಗುಂಟ
ನಾಲ್ಕು ಫೋಟೋ ಹೊಡೆದುಕೊಂಡು ವಾಪಸು.
ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ,
ಕಾಲುಚೀಲಕ್ಕೆ ಅಂಟಿದ ಉತ್ತರಾಣಿ ಕಾಳು
ಎಲ್ಲ ಹೇಳಿಬಿಡುತ್ತದೆ.

ಭಾನುವಾರ, ಸಂಡೂರಿನ ಸರ್ಕಲ್ಲಿನಲ್ಲಿ
ಮೊದಲ ಇಡ್ಲಿಯ ಹಬೆ ಏಳುವ ಮುಂಚೆ
ಬಳ್ಳಾರಿಯಿಂದ, ತೋರಣಗಲ್ಲಿನ ಕ್ವಾರ್ಟರ್ಸಿನಿಂದ
ಕಾರಿನ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡು ಬರುತ್ತಾರೆ.
ಸೈಕಲ್ಲಿಗೇ ಸವಾರಿ ಮಾಡಿಸೋ ಮಂದಿ ನೋಡಪಾ ಅಂತ
ನಕ್ಕಿದ್ದೆ ಮೊದಮೊದಲು.
ಈಗ ಇಲ್ಲ. ಜಾಲಿಮುಳ್ಳಿಗೆ ನನ್ನ ಮನೆಯ ಋಣವಿದೆ.

ಗುಡ್ಡದ ಬೆನ್ನಿನ ಆ ದಾರಿಗೆ
ಹೆಸರೂ ಇಟ್ಟಿದ್ದಾರೆ: ಆರು ಹೆಡೆ.
ಆರು ತಿರುವು, ಒಂದರ ಬಾಲಕ್ಕೆ ಒಂದು.
ಯಾರು ಕಡಿದರೋ ಇಷ್ಟು ಲೆಕ್ಕ ಹಾಕಿ, ಅಂದ
ಮುರುಗೇಂದ್ರ ಅನ್ನೋ ಎಂಜಿನಿಯರು, ಹೆಲ್ಮೆಟ್ಟು ಬಿಚ್ಚುತ್ತ.
ನಾನು ಪ್ಯಾಚಿಗೆ ಮರಳುಕಾಗದ ತಿಕ್ಕುತ್ತಿದ್ದೆ.
ಠಾಕ್ರಿಬಾಯಿ ಕಡಿದಳು ಅನ್ನಲಿಲ್ಲ.
ಅವಳು ಕಡಿಯಲೂ ಇಲ್ಲ.
ತಾಂಡಾದಿಂದ ಸೀತಾಫಲದ ಬುಟ್ಟಿ ಹೊತ್ತು
ಅವಳು, ಅವಳಿಗಿಂತ ಮೊದಲು ಅವಳತ್ತೆ,
ಇಳಿದರು ಅಷ್ಟೆ.
ತಲೆ ಮೇಲಿನ ಹೊರೆ ನೆಟ್ಟಗೆ ಇಳಿಯಲಾರದು,
ಗುಡ್ಡವನ್ನು ಸವರುತ್ತ, ಪುಸಲಾಯಿಸುತ್ತ
ಅಡ್ಡಡ್ಡ ಬರಬೇಕು.
ಐದನೆಯ ತಿರುವಿನ ಬಂಡೆ
ಯಾರ ಆಸರೆಯೂ ಬೇಡದೆ
ಬುಟ್ಟಿ ಇಳಿಸುವಷ್ಟೇ ಎತ್ತರ.
ಇವರು ಅದರ ಮೇಲಿಂದ ಹಾರುತ್ತಾರೆ.

ಅದೇ ಎಂಜಿನಿಯರು ಬ್ರೇಕಿನ ಗೋಳು ಹೇಳಿ
ಸೈಕಲ್ಲು ಬಿಟ್ಟುಹೋದ, ಬುಧವಾರ ಒಯ್ತೀನಿ ಅಂತ.
ಲಕ್ಷ ಮೇಲಿನ ಮಾಲು. ರಾತ್ರಿ ಮಂಚದ ಪಕ್ಕ ನಿಲ್ಲಿಸಿಕೊಂಡೆ,
ಹೆಂಡತಿ ಅದಕ್ಕೂ ಒಂದು ಸೊಳ್ಳೆಪರದೆ ಕಟ್ಟಲೇನು ಅಂದಳು.
ಬ್ರೇಕು ಹಾಕಿದವನು ಬ್ರೇಕು ಹಿಡಿದು ನೋಡಬೇಕಲ್ಲ?
ಇಪ್ಪತ್ತೆರಡು ವರ್ಷ ಈ ಗುಡ್ಡದ ಗಾಯ ಹೊಲಿದವನು
ಗುಡ್ಡ ಹತ್ತಿರಲಿಲ್ಲ.

ಹತ್ತಿದ್ದೆಂದರೆ, ತಳ್ಳಿದ್ದು.
ಎಲ್ಲಾ ಗೇರು ಮುಗಿದ ಮೇಲೂ ಗುಡ್ಡ ಮುಗಿಯಲಿಲ್ಲ.
ಐದನೇ ಬಂಡೆಯ ಹತ್ತಿರ ಅವಳೇ,
ಬುಟ್ಟಿ ಇಳಿಸಿ, ಸೆರಗಿನಿಂದ ಕತ್ತು ಒರೆಸುತ್ತ.
ಸೈಕಲ್ಲನ್ನು ಸುತ್ತಿ ಬಂದಳು
ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ.
‘ಇಷ್ಟು ದುಡ್ಡಿನ ಗಾಡಿ ಅಂತೀಯ,
ಕ್ಯಾರಿಯರ್ ಎಲ್ಲೈತೋ ಹುಸೇನಿ?’

ಉತ್ತರ ಇರಲಿಲ್ಲ. ಎರಡು ಹಣ್ಣು ಕೊಟ್ಟಳು,
ಅಂಗಿಯೊಳಗೆ ಹಾಕಿಕೊಂಡು, ನೆತ್ತಿ ಮುಟ್ಟಿ, ತಿರುಗಿ
ಕಾಲೆತ್ತಿಬಿಟ್ಟೆ.

ಏನು ಹೇಳಲಿ.
ಹುಲ್ಲು ಕಿವಿಯಲ್ಲಿ ಸೀಳಿತು.
ಕೆಂಪು ಕಲ್ಲು ಹಲ್ಲಿನವರೆಗೂ ಬಂದು ಮಾತಾಡಿತು.
ಮೊದಲ ತಿರುವಿಗೆ ನಾನೇ ತಿರುಗಿಸಿದೆ,
ಎರಡನೆಯದು ತಾನೇ ತಿರುಗಿತು,
ಮೂರರಲ್ಲಿ ಗೊತ್ತಾಯಿತು, ಇದು ಅವಳ ಉಸಿರು,
ಎಲ್ಲಿ ಬಿಡುತ್ತಾಳೋ ಅಲ್ಲಿ ದಾರಿ ಅಗಲ,
ಎಲ್ಲಿ ಹಿಡಿಯುತ್ತಾಳೋ ಅಲ್ಲಿ ಕಿರಿದು.
ಐದನೆಯ ಬಂಡೆ. ಬುಟ್ಟಿ ಇನ್ನೂ ಅಲ್ಲೇ.
ಹಾರಲಿಲ್ಲ. ಬ್ರೇಕು ಹಿಡಿಯಿತು, ಸೊಗಸಾಗಿ.
ಪಕ್ಕದಿಂದ ಸರಿದು ಇಳಿದೆ,
ಮನೆಗೆ ಬಂದ ಅಳಿಯನ ಹಾಗೆ.

ಅಂಗಡಿ ತಲುಪುವಷ್ಟರಲ್ಲಿ ಹಿಂದಿನ ಚಕ್ರ ಕೂತಿತ್ತು.
ಬಾಣಲೆಗೆ ಇಳಿಸಿದೆ. ಕೆಂಪು ಎದ್ದಿತು.
ಯಾರದೋ ಅಲ್ಲ, ನನ್ನ ಕೆಂಪು.
ಗುಳ್ಳೆ ಹುಡುಕುವುದು ಮರೆತು ನೋಡುತ್ತ ಕೂತೆ.
ಹಣ್ಣು ಒಂದು ಜಜ್ಜಿತ್ತು. ಅದನ್ನೇ ಮೊದಲು ತಿಂದೆ.

ಬುಧವಾರ ಎಂಜಿನಿಯರು ಬ್ರೇಕು ಹಿಸುಕಿ ನೋಡಿ, ಭೇಷ್ ಅಂದ.
‘ಸಾರ್, ಒಂದು ಕ್ಯಾರಿಯರ್ ಕೂಡಿಸ್ಲಾ?’
ಬಹಳ ಹೊತ್ತು ನಕ್ಕ.
ನಾನು ಪಾನಾ ಹಿಡಿದುಕೊಂಡೇ ಇದ್ದೆ.