ಮೊದಲಕ್ಷರ

ಎಸ್.ಪಿ. ರೋಡಿನ ಎರಡನೇ ಮಹಡಿ.
ಮೆಟ್ಟಿಲಿಗಡ್ಡ ಬಿದ್ದ ಕೇಬಲ್ ಸುರುಳಿ ದಾಟಿ
ಏದುಸಿರು ಬಿಡುತ್ತ ಬಂದರು ಜ್ಞಾನಮಣಿ,
ಕೈಯಲ್ಲೊಂದು ಬಿಸ್ಕತ್ತಿನ ಡಬ್ಬ.
ಒಳಗೆ ಹನ್ನೊಂದು ಫ್ಲಾಪಿ,
ಮುಟ್ಟಿದರೆ ಪುಡಿಯಾಗುವ ರಬ್ಬರ್ ಬ್ಯಾಂಡು.

ಮೇಯೋ ಹಾಲಿನ ಹೊರಗೆ ಅರ್ಜಿ ಬರೆದುಕೊಡುವ ಕಸುಬು.
ಮೊದಲು ಮರದಡಿ ಟೈಪ್‌ರೈಟರು,
ತೊಂಬತ್ತಮೂರರಿಂದ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರು.
ಪುಟಕ್ಕೆ ಆರು ರೂಪಾಯಿ, ಫ್ಲಾಪಿಗೆ ಮೂವತ್ತು.
'ಜಾಗ ಸಾಲದೆ ಅಳಿಸುತ್ತಿದ್ದೆ ಕಣಪ್ಪ,
ಕಾಸು ಕೊಟ್ಟು ಹೋದವರನ್ನ ಅವತ್ತು ಸಂಜೆಗೇ.'

ಕಡ್ಡಿಗೆ ಹತ್ತಿ ಸುತ್ತಿ ಬೂಷ್ಟು ಒರೆಸಿದೆ.
ಹಳೆ ಡ್ರೈವು ಕೆಮ್ಮಿತು,
ಒಂದೇ ಜಾಗವನ್ನು ಹದಿನೇಳು ಸಲ ತಡವಿ
ಹದಿನೆಂಟಕ್ಕೆ ಕೊಟ್ಟಿತು.
ಮೂಲವನ್ನು ಮುಟ್ಟಬಾರದು, ಅದು ನನ್ನ ಮಡಿ.
ಮೊದಲು ಪೂರ್ತಿ ನಕಲು,
ಖಾಲಿಯನ್ನೂ ಖಾಲಿಯಾಗಿಯೇ.

ಆಮೇಲೆ ಹೇಳಿದೆ:
ಆ ಕಾಲದ ಯಂತ್ರಕ್ಕೆ ಅಳಿಸುವ ಪುರುಸೊತ್ತಿರಲಿಲ್ಲಮ್ಮ.
ಹೆಸರಿನ ಮೊದಲಕ್ಷರ ಕಿತ್ತು
ಜಾಗ ಖಾಲಿ ಎಂದು ಪಟ್ಟಿಯಲ್ಲಿ ಬರೆದು ಸುಮ್ಮನಾಗುತ್ತಿತ್ತು.
ಟು-ಲೆಟ್ ಬೋರ್ಡು ನೇತುಹಾಕಿದ ಮನೆಯೊಳಗೆ
ಹಳೆ ಸಂಸಾರ ಕೂತೇ ಇದ್ದಂತೆ,
ಹೊಸಬರು ಬರುವ ತನಕ.

ಅವರು ಫ್ಯಾನು ನೋಡಿದರು.
'ಅಂದರೆ ಅವತ್ತೂ ಇತ್ತಾ?'

ಊದುಬತ್ತಿ ಹೊಸೆಯುವವಳು, ಅಂಗೈ ಕಪ್ಪು.
ಮೂರು ದಿನ ಬಿಟ್ಟು ಮತ್ತೆ ಬಂದಿದ್ದಳಂತೆ,
ಕಾಗದ ಎಲ್ಲೋ ಬಿತ್ತು, ಇನ್ನೊಂದು ಕೊಡಿ ಅಂತ.
'ಇಲ್ಲಮ್ಮ, ಅಳಿಸಿಬಿಟ್ಟೆ, ಮತ್ತೆ ಹೇಳು, ಹೊಡೀತೀನಿ ಅಂದೆ.
ಆರು ರೂಪಾಯಿ ಇರಲಿಲ್ಲ ಅವಳ ಹತ್ತಿರ.
ನಾನೂ...'

ಪರದೆ ಕೇಳಿತು: ಮೊದಲಕ್ಷರ ಕೊಡಿ.
ಒಂದು ಪ್ರಶ್ನೆಯ ಚಿಹ್ನೆ, ಅದರ ಬೆನ್ನಿಗೆ ಅಂಗಮ್ಮ.
ರಂಗಮ್ಮನೋ, ಗಂಗಮ್ಮನೋ, ಮಂಗಮ್ಮನೋ?
'ಯಾವುದಾದರೂ ಒತ್ತು. ಒಳಗೆ ಅವಳೇ ಹೇಳ್ತಾಳೆ.'
ಗ ಒತ್ತಿದೆ.

ಒಳಗೆ ಕಾಗುಣಿತದ ಕಿಚಡಿ.
ಆ ಫಾಂಟು ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ!
ಡಾಲರ್ ಚಿಹ್ನೆಯ ವೇಷದಲ್ಲಿ ಕೊಂಬು,
ಅಲ್ಪವಿರಾಮದ ವೇಷದಲ್ಲಿ ಒತ್ತು,
ಅರ್ಕಾವತ್ತುಗಳು ತಮ್ಮ ಅಕ್ಷರ ಬಿಟ್ಟು ಬೀದಿಗೆ ಬಿದ್ದಿವೆ.
ಒಂದೊಂದನ್ನೇ ಕೈಹಿಡಿದು ಮನೆ ಸೇರಿಸುವಷ್ಟರಲ್ಲಿ
ಕೆಳಗೆ ಷಟರ್ ಎಳೆಯುವ ಸದ್ದು.

ಮೇಲಿನ ಅರ್ಧ ಪುಟ ಬೂಷ್ಟಿನ ಪಾಲು.
ಹೆಸರು, ಗಂಡನ ಹೆಸರು, ವಠಾರದ ನಂಬರು, ಎಲ್ಲ ಅಲ್ಲೇ.
ಉಳಿದದ್ದು:
ಸಾವಿರ ಕಡ್ಡಿಗೆ ನಾಲ್ಕು ರೂಪಾಯಿ ಎಂದು ಹೇಳಿ
ಮುರಿದವೆಂದು ಒಂದೂವರೆ ಹಿಡಿದುಕೊಂಡು
ಕೇಳಿದ್ದಕ್ಕೆ ನಾಳೆಯಿಂದ ಬರಬೇಡವೆಂದಿರುತ್ತಾರೆ.
ಕೊನೆಗೆ, ಇಂತಿ,
ಎಡಗೈ ಹೆಬ್ಬೆಟ್ಟಿನ ಗುರುತು.
ಅದರ ಮೇಲೆ ನಾಲ್ಕು ಸಾಲಿನಷ್ಟು
ಬಿಟ್ಟ ಜಾಗ.

ಶಾಯಿ ಫ್ಲಾಪಿಗೆ ಬರುವುದಿಲ್ಲ.

ನಕಲಿನಿಂದ ಗ ತೆಗೆದೆ; ನಾನು ಹಾಕಿದ್ದು ಅದು.
ಜ್ಞಾನಮಣಿ ಸೆರಗಲ್ಲಿ ಕನ್ನಡಕ ಒರೆಸಿ ಓದಿದರು:
ಅಂಗಮ್ಮ.
ಇನ್ನೊಮ್ಮೆ, ಯಾರನ್ನೋ ಕೂಗಿದ ಹಾಗೆ.
'ಇರಲಿ, ಹಾಗೇ ಬರಿ.'

ಲೇಬಲ್ಲಿಗೆ ಬರೆದೆ.
ಡಬ್ಬದಲ್ಲಿ ಇನ್ನೂ ಹತ್ತು.